ಬಸಳೆ, ಇಲಿಶ್, ಬಾಳೆಲೆ: ಚೆನ್ನೈಯ ಬಂಗಾಳಿ ಊಟ ಮತ್ತು ಸುಸ್ಥಿರತೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆಹಾರ ಪರಂಪರೆಯ ಬಗ್ಗೆ ಮಾತನಾಡಬೇಕೆಂದು ತಾವು ಹೇಳಿಕಳುಹಿಸಿದಿರಿ. ಉಡುಪಿ ಹೋಟೆಲುಗಳ ಕಥೆಯನ್ನೇ ಹೇಳುತ್ತೇನೆಂದು ಹಲವರು ಎಣಿಸಿರಬಹುದು. ಅದು ಸಹಜವೇ. ದಕ್ಷಿಣ ಕನ್ನಡದ ಕಡಂದಲೆಯಿಂದ ಬರಿಗೈಯಲ್ಲಿ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಆರಂಭಿಸಿದ ಊರು ಈ ಚೆನ್ನೈ. 1962ರಿಂದ 2008ರವರೆಗೆ ನಡೆದ ಅವರ ಡ್ರೈವ್-ಇನ್ ಹೋಟೆಲಿನ ಮರಗಳ ನೆರಳಿನಲ್ಲಿ ಕಾಫಿ ಕುಡಿದವರು ಈ ಸಭೆಯಲ್ಲೂ ಇದ್ದೀರಿ. ಆದರೆ ಆ ಕಥೆಯನ್ನು ಬಲ್ಲವರ ಎದುರು ಅದನ್ನೇ ಮತ್ತೆ ಹೇಳುವ ಬದಲು, ಇದೇ ಊರಿಗೆ ಇನ್ನೊಂದು ದಿಕ್ಕಿನಿಂದ ಬಂದ ಊಟವನ್ನು ಇಂದು ಆರಿಸಿಕೊಂಡಿದ್ದೇನೆ. ಅದು ಬಂಗಾಳಿ ಊಟ.

ಪರಿಸರಕ್ಕೆ ಹೊರೆಯಾಗದಂತೆ ನಡೆದುಕೊಳ್ಳುತ್ತೇವೆ ಎಂದು ಹೇಳಿಕೊಳ್ಳುವ ರೆಸ್ಟೋರೆಂಟುಗಳು ಈಚೆಗೆ ನಮ್ಮ ದೊಡ್ಡ ಊರುಗಳಲ್ಲೆಲ್ಲ ಕಾಣಿಸುತ್ತಿವೆ. ಚೆನ್ನೈಯ ದಕ್ಷಿಣ ಭಾಗದಲ್ಲಿರುವ ಅಂಥದೊಂದು ಚಿಕ್ಕ ಜಾಗದಲ್ಲಿ ನಾನು ಸಾಂಪ್ರದಾಯಿಕ ಬಂಗಾಳಿ ಊಟ ಮಾಡಿದೆ. ಅಲ್ಲಿ ಉಂಡದ್ದು, ಕೇಳಿದ್ದು ಈ ಉಪನ್ಯಾಸಕ್ಕೆ ಆಧಾರ. ಮೊದಲು ಬಂಗಾಳಿಗಳಿಗೂ ಈ ಊರಿಗೂ ಇರುವ ನಂಟನ್ನು ಸ್ವಲ್ಪ ಹೇಳಿ, ಬಳಿಕ ತರಕಾರಿ, ಮೀನು, ನೀರು ಎಂಬ ಮೂರು ವಿಷಯಗಳಿಗೆ ಬರುತ್ತೇನೆ. ಮೀನಿನ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಸಸ್ಯಾಹಾರಿ ಬಂಧುಗಳು ಸಹಿಸಿಕೊಳ್ಳಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಿದಿರಿನ ಕೊಳವೆ, ಮಣ್ಣಿನ ಲೋಟ, ಗೋಡೆಯ ಮೇಲಿನ ಹಸಿರು ಬಳ್ಳಿಗಳಿಂದ ಒಂದು ಹೋಟೆಲು ಸುಸ್ಥಿರವಾಗುವುದಿಲ್ಲ. ‘ಇವತ್ತು ಅದು ಇಲ್ಲ’ ಎಂದು ಗಿರಾಕಿಗೆ ಹೇಳುವ ಧೈರ್ಯ ಅಡುಗೆಮನೆಗೆ ಇರಬೇಕು, ಆ ಮಾತನ್ನು ಬೇಸರವಿಲ್ಲದೆ ಒಪ್ಪಿಕೊಳ್ಳುವ ಮನಸ್ಸು ನಮಗೂ ಇರಬೇಕು.

ಬಂಗಾಳಕ್ಕೂ ಮದರಾಸಿಗೂ ಇರುವ ಸಂಬಂಧ ಹಳೆಯದು. 1897ರಲ್ಲಿ ಸ್ವಾಮಿ ವಿವೇಕಾನಂದರು ಕಡಲ ದಂಡೆಯ ಐಸ್ ಹೌಸ್‌ನಲ್ಲಿ ತಂಗಿದ್ದರು. ಅದೇ ವರ್ಷ ಅವರ ಗುರುಬಂಧು ಸ್ವಾಮಿ ರಾಮಕೃಷ್ಣಾನಂದರು ಇಲ್ಲಿಗೆ ಬಂದು ಮಠವನ್ನು ಕಟ್ಟಿದರು. ಮರೀನಾದಲ್ಲಿ ಬಂಡೆಯನ್ನು ಉರುಳಿಸುತ್ತಿರುವ ನಾಲ್ವರು ಕಾರ್ಮಿಕರ ಶಿಲ್ಪವನ್ನು ನೋಡದವರಿಲ್ಲ. 1959ರಲ್ಲಿ ಸ್ಥಾಪನೆಯಾದ ಆ ಶಿಲ್ಪ ದೇಬಿಪ್ರಸಾದ್ ರಾಯ್ ಚೌಧುರಿಯವರದು. ಇಲ್ಲಿಯ ಕಲಾಶಾಲೆಯ ಪ್ರಾಂಶುಪಾಲರಾಗಿ ಬಂದು ದಶಕಗಳ ಕಾಲ ಇಲ್ಲೇ ನೆಲೆಸಿದ ಬಂಗಾಳಿ ಅವರು. ತ್ಯಾಗರಾಯ ನಗರದ ಬಂಗಾಳಿ ಸಂಘದ ದುರ್ಗಾಪೂಜೆಗೆ ಇಂದಿಗೂ ಜನ ಸೇರುತ್ತಾರೆ.

ಆದರೆ ಇವತ್ತಿನ ಚೆನ್ನೈಯಲ್ಲಿ ಬಂಗಾಳಿ ಊಟ ನಿತ್ಯದ ಊಟವಾಗಿರುವುದು ಗ್ರೀಮ್ಸ್ ರಸ್ತೆಯ ಆಸುಪಾಸಿನ ಓಣಿಗಳಲ್ಲಿ. ಅಪೋಲೊ ಆಸ್ಪತ್ರೆಗೂ ನುಂಗಂಬಾಕದ ಶಂಕರ ನೇತ್ರಾಲಯಕ್ಕೂ ಪಶ್ಚಿಮ ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ, ಬಾಂಗ್ಲಾದೇಶದಿಂದ ರೋಗಿಗಳು ಬರುತ್ತಾರೆ. ಒಬ್ಬ ರೋಗಿಯ ಜೊತೆಗೆ ಮನೆಯ ಇಬ್ಬರು ಮೂವರು ಬಂದು ವಾರಗಟ್ಟಲೆ ಉಳಿಯುತ್ತಾರೆ. ಅವರಿಗಾಗಿ ಲಾಡ್ಜುಗಳು, ಔಷಧದ ಅಂಗಡಿಗಳು, ಬಂಗಾಳಿ ಲಿಪಿಯ ಫಲಕ ಹೊತ್ತ ಮೆಸ್ಸುಗಳು ಹುಟ್ಟಿಕೊಂಡಿವೆ. ಕೆಲವು ಲಾಡ್ಜುಗಳಲ್ಲಿ ಒಲೆ, ಪಾತ್ರೆಗಳನ್ನೂ ಕೊಡುತ್ತಾರೆ. ರೋಗಿಯ ತಾಯಿಯೋ ಹೆಂಡತಿಯೋ ಸಂಜೆ ಮೀನು ತಂದು ತೆಳ್ಳಗಿನ ಸಾರು ಮಾಡುತ್ತಾರೆ. ಸುಸ್ಥಿರತೆ ಎಂಬ ಮಾತು ಆ ಓಣಿಗಳಲ್ಲಿ ಯಾವ ಫಲಕದ ಮೇಲೂ ಕಾಣುವುದಿಲ್ಲ. ಆದರೆ ಅಲ್ಲಿಯ ಊಟಕ್ಕೆ ಒಂದು ಲೆಕ್ಕಾಚಾರ ಇದೆ: ಅನ್ನ, ಬೇಳೆ, ಒಂದು ಪಲ್ಯ, ಒಂದು ತುಂಡು ಮೀನು, ಮಿಗುವಷ್ಟು ಬೇಯಿಸುವುದಿಲ್ಲ. ದುಬಾರಿ ರೆಸ್ಟೋರೆಂಟುಗಳ ಬಗ್ಗೆ ಮಾತನಾಡುವಾಗಲೂ ಈ ಮೆಸ್ಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿಯುತ್ತೇನೆ.

ಈಗ ಮೊದಲನೆಯ ವಿಷಯ, ತರಕಾರಿ. ಬಂಗಾಳಿ ಊಟದಲ್ಲಿ ಎಲ್ಲವನ್ನೂ ಒಟ್ಟಿಗೆ ಬಡಿಸುವುದಿಲ್ಲ. ಒಂದಾದ ಮೇಲೊಂದು ಬರುತ್ತದೆ. ಮೊದಲು ಕಹಿ. ಶುಕ್ತೊ ಎಂಬ ಆ ಪದಾರ್ಥದಲ್ಲಿ ಹಾಗಲಕಾಯಿ, ನುಗ್ಗೆಕಾಯಿ, ಬಾಳೆಕಾಯಿ, ಬದನೆ, ಗೆಣಸು ಇರುತ್ತವೆ. ಬೇಳೆ ರುಬ್ಬಿ ಬಿಸಿಲಿಗೆ ಒಣಗಿಸಿದ ಬೊಡಿ ಇರುತ್ತದೆ. ನಮ್ಮ ಸಂಡಿಗೆಯ ಹತ್ತಿರದ ನೆಂಟ ಅದು. ಕೊನೆಗೆ ಸ್ವಲ್ಪ ಹಾಲು ಸೇರಿಸುತ್ತಾರೆ. ಆಮೇಲೆ ಸೊಪ್ಪು, ಬೇಳೆ, ಕರಿದದ್ದು, ತರಕಾರಿ, ಮೀನು, ಸಿಹಿ ಚಟ್ನಿ, ಹಪ್ಪಳ, ಕಡೆಗೆ ಮೊಸರು ಅಥವಾ ಪಾಯಸ. ಹೀಗೆ ಒಂದೊಂದಾಗಿ ಬಂದಾಗ ಪ್ರತಿ ಪದಾರ್ಥಕ್ಕೂ ಸ್ವಲ್ಪ ಅನ್ನ ಕಲಸಿಕೊಂಡು, ಅದನ್ನು ಮುಗಿಸಿ ಮುಂದಿನದಕ್ಕೆ ಕೈ ಹಾಕುತ್ತೇವೆ. ಬಫೆಯ ಮುಂದೆ ತಟ್ಟೆ ಹಿಡಿದು ನಿಂತಾಗ ಬರುವ ಆತುರ ಇಲ್ಲಿ ಬರುವುದಿಲ್ಲ, ಬಿಸಾಡುವುದೂ ಕಡಿಮೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು. ಅದರಲ್ಲಿ ಶೇ. 60 ಮನೆಗಳದ್ದು, ಶೇ. 28 ಹೋಟೆಲು ಮತ್ತು ಊಟದ ವ್ಯವಸ್ಥೆಗಳದ್ದು.

ನಾನು ಉಂಡ ರೆಸ್ಟೋರೆಂಟಿನಲ್ಲಿ ಬಾಳೆಯ ಮೂರು ಪದಾರ್ಥಗಳಿದ್ದವು. ಬಾಳೆಮೂತಿಯ ಘೊಂಟೊ ಎಂಬ ಪಲ್ಯ, ಬಾಳೆದಿಂಡಿನ ಒಣ ಪಲ್ಯ, ಬಾಳೆಕಾಯಿಯ ಕೋಫ್ತಾ. ಬಾಳೆಮೂತಿಯನ್ನು ಬಿಡಿಸುವ ಕೆಲಸವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಕೈಗೆ ಎಣ್ಣೆ ಸವರಿಕೊಂಡು, ಕೆಂಪು ಪದರಗಳನ್ನು ತೆಗೆದು, ಒಂದೊಂದು ಹೂವಿನ ನಡುವಿನ ಗಟ್ಟಿ ನಾರನ್ನು ಕಿತ್ತು, ಹೆಚ್ಚಿ, ಕರೆ ಹೋಗಲು ನೀರಿನಲ್ಲಿ ಹಾಕಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಕೊಯಂಬೇಡು ಮಾರುಕಟ್ಟೆಯಲ್ಲಿ ಬಾಳೆಮೂತಿಗೂ ದಿಂಡಿಗೂ ದೊಡ್ಡ ಬೆಲೆಯಿಲ್ಲ. ಬೆಲೆ ಇರುವುದು ಬಿಡಿಸುವ ಕೈಗಳಿಗೆ.

ಇನ್ನು ಸಿಪ್ಪೆ. ಸೋರೆಕಾಯಿಯ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಸಾಸಿವೆ ಎಣ್ಣೆಯಲ್ಲಿ ಕಲೋಂಜಿ ಒಗ್ಗರಣೆ ಕೊಟ್ಟು, ಮೇಲೆ ಗಸಗಸೆ ಉದುರಿಸಿ ಗರಿಗರಿಯಾಗಿ ಹುರಿದಿದ್ದರು. ನಮ್ಮಲ್ಲಿ ಹೀರೆಕಾಯಿ ಸಿಪ್ಪೆಯ ಚಟ್ನಿ ಇಲ್ಲವೇ, ಕಲ್ಲಂಗಡಿ ಸಿಪ್ಪೆಯ ದೋಸೆ, ದಾಳಿಂಬೆ ಸಿಪ್ಪೆಯ ತಂಬುಳಿ ಇಲ್ಲವೇ? ಬಂಗಾಳದವರು ಮೀನಿನ ತಲೆಯನ್ನು ಬಸಳೆಯ ದಂಟಿನೊಂದಿಗೆ ಬೇಯಿಸಿ ಛ್ಯಾಂಚ್ಡಾ ಮಾಡುತ್ತಾರೆ. ಮಂಗಳೂರಿನ ಕಡೆ ಬಸಳೆಗೆ ಸೀಗಡಿ ಹಾಕುತ್ತಾರೆ. ಕರಾವಳಿಯ ಈ ಎರಡು ತುದಿಗಳವರು ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ. ಮಳೆ ಹೆಚ್ಚು, ಹಿತ್ತಿಲಿನಲ್ಲಿ ಬಾಳೆ, ಬಸಳೆ, ಕೆಸು ತಾನಾಗಿ ಬೆಳೆಯುತ್ತವೆ, ಮನೆ ತುಂಬ ಮಂದಿ: ಇಂಥ ಎಡೆಯಲ್ಲಿ ಅಡುಗೆ ಹೀಗೆಯೇ ರೂಪುಗೊಳ್ಳುತ್ತದೆ. 1508ರ ಸುಮಾರಿಗೆ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ರಚಿಸಿದಾಗ ಬದನೆ, ಬಾಳೆ, ಹಲಸುಗಳ ಪಾಕಗಳಿಗೆ ವಿಸ್ತಾರವಾದ ಸ್ಥಳ ಕೊಟ್ಟನು. ಊರಿನ ಹಿತ್ತಿಲು ಗ್ರಂಥಕ್ಕೆ ಏರಿದ ಬಗೆ ಅದು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಮಿತವ್ಯಯವನ್ನು ಹೊಗಳುವಾಗ ಅದರ ಹಿಂದಿದ್ದ ನೋವನ್ನು ಮರೆಯಬಾರದು. ಈರುಳ್ಳಿ, ಬೆಳ್ಳುಳ್ಳಿ, ಮಸೂರ ಬೇಳೆ ಇಲ್ಲದ ಬಂಗಾಳದ ಸೂಕ್ಷ್ಮ ನಿರಾಮಿಷ ಅಡುಗೆಯ ದೊಡ್ಡ ಪಾಲು ವಿಧವೆಯರ ಒಲೆಯಿಂದ ಬಂದದ್ದು. ಮೀನನ್ನು ಅವರಿಗೆ ನಿಷೇಧಿಸಿ, ಏಕಾದಶಿಯಂದು ನೀರನ್ನೂ ಕೊಡದ ಸಮಾಜದಲ್ಲಿ ಆ ಹೆಂಗಸರು ಉಳಿದ ನಾಲ್ಕು ಸಾಮಗ್ರಿಗಳಿಂದಲೇ ರುಚಿಯನ್ನು ಹುಟ್ಟಿಸಿದರು. ನಮ್ಮ ಮನೆಗಳ ಮಡಿ ಅಡುಗೆಯ ಹಿಂದೆಯೂ ಅಂಥ ಅಜ್ಜಿಯರಿದ್ದರು. ಗಂಜಿ ತಿಳಿಯ ಕಥೆಯೂ ಹಾಗೆಯೇ. 1943ರ ಬಂಗಾಳದ ಬರದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಕೋಲ್ಕತ್ತದ ಮನೆಗಳ ಬಾಗಿಲಲ್ಲಿ ನಿಂತವರು ಅನ್ನ ಕೇಳಲಿಲ್ಲ, ಬಸಿದ ಗಂಜಿಯನ್ನು ಕೇಳಿದರು. ಆ ದಿನಗಳನ್ನು ಜೈನುಲ್ ಅಬೇದಿನ್ ಕಪ್ಪು ಮಸಿಯಲ್ಲಿ ಚಿತ್ರಿಸಿದ್ದಾರೆ. ಅಂಥದೇ ಬಡತನದ ಊಟವಾದ ತಂಗಳನ್ನ ಇಂದು ಬೇರೆಯದೇ ಗೌರವದಲ್ಲಿ ಮರಳಿದೆ: 2021ರಲ್ಲಿ ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಕಿಶ್ವರ್ ಚೌಧುರಿ ಎಂಬ ಬಾಂಗ್ಲಾ ಮೂಲದ ಮಹಿಳೆ ಪಾಂತಾ ಭಾತ್ ಎಂಬ ತಂಗಳನ್ನವನ್ನು ತೀರ್ಪುಗಾರರ ಮುಂದಿಟ್ಟರು. ಅದು ನನಗೆ ಸಂತೋಷದ ಸಂಗತಿ. ಆದರೆ ತಂಗಳನ್ನವನ್ನು ಮಣ್ಣಿನ ಬಟ್ಟಲಿನಲ್ಲಿ ಹಾಕಿ ಮಾರುವ ರೆಸ್ಟೋರೆಂಟು ಅದರ ಹಿಂದಿನ ಈ ಹಸಿವಿನ ಚರಿತ್ರೆಯನ್ನೂ ಎರಡು ಸಾಲಿನಲ್ಲಿ ಹೇಳಬೇಕು ಎಂಬುದು ನನ್ನ ಆಗ್ರಹ.

ಎರಡನೆಯ ವಿಷಯಕ್ಕೆ, ಎಂದರೆ ಮೀನಿಗೆ ಬರುತ್ತೇನೆ. ನಿಜವಾದ ಕಷ್ಟ ಇರುವುದು ಇಲ್ಲೇ.

ಬಂಗಾಳಿಗಳ ಮೀನು ಎಂದರೆ ಇಲಿಶ್. ಕಡಲಲ್ಲಿ ಬೆಳೆದು, ಮೊಟ್ಟೆ ಇಡಲು ಮಳೆಗಾಲದಲ್ಲಿ ನದಿಯನ್ನು ಏರುವ ಮೀನು ಅದು. ಗೋದಾವರಿಯಲ್ಲಿ ತೆಲುಗರು ಪುಲಸ ಎಂದು ಹುಡುಕಿ ಕೊಳ್ಳುವುದೂ ಇದನ್ನೇ. ಹಿಂದೆ ಗಂಗೆಯಲ್ಲಿ ಅಲಹಾಬಾದಿನವರೆಗೂ ಇಲಿಶ್ ಹೋಗುತ್ತಿತ್ತು. 1975ರಲ್ಲಿ ಫರಕ್ಕಾ ಬ್ಯಾರೇಜು ಕೆಲಸ ಆರಂಭಿಸಿದ ಮೇಲೆ ಆ ದಾರಿ ಮುಚ್ಚಿತು. ಹೂಳು, ಕೊಳೆ, ಸಣ್ಣ ಕಣ್ಣಿನ ಬಲೆಗಳು ಉಳಿದ ಕೆಲಸ ಮಾಡಿದವು. ಈಗ ಪಶ್ಚಿಮ ಬಂಗಾಳದಲ್ಲಿ 23 ಸೆಂಟಿಮೀಟರಿಗಿಂತ ಚಿಕ್ಕ ಇಲಿಶನ್ನು ಹಿಡಿಯುವಂತಿಲ್ಲ, ಬಾಂಗ್ಲಾದೇಶದಲ್ಲಿ 25 ಸೆಂಟಿಮೀಟರಿಗಿಂತ ಚಿಕ್ಕದನ್ನು. ಅಕ್ಟೋಬರಿನ ಸುಮಾರಿಗೆ ಮೊಟ್ಟೆಯಿಡುವ ಹೊತ್ತಿನಲ್ಲಿ ಬಾಂಗ್ಲಾದೇಶ 22 ದಿನ ಇಲಿಶ್ ಹಿಡಿಯುವುದನ್ನೇ ನಿಲ್ಲಿಸುತ್ತದೆ.

ಸರಕಾರಗಳು ಕಾನೂನು ಮಾಡುವ ಮುನ್ನವೇ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಅನೇಕ ಬಂಗಾಳಿ ಹಿಂದೂ ಕುಟುಂಬಗಳು ಶರತ್ಕಾಲದ ಪೂಜೆಗಳು ಮುಗಿದ ಮೇಲೆ ಇಲಿಶ್ ತಿನ್ನುವುದನ್ನು ಬಿಡುತ್ತವೆ. ಮಾಘ ಮಾಸದ ಸರಸ್ವತಿ ಪೂಜೆಯಂದು ಮತ್ತೆ ಆರಂಭಿಸುತ್ತವೆ. ಪೂರ್ವ ಬಂಗಾಳದ ಮೂಲದವರ ಮನೆಗೆ ಆ ದಿನ ಜೋಡಿ ಇಲಿಶ್ ಬರುತ್ತದೆ. ಅರಿಶಿನ ಕುಂಕುಮವಿಟ್ಟು ಬರಮಾಡಿಕೊಳ್ಳುತ್ತಾರೆ. ಮರಿಗಳು ಬೆಳೆದು ಕಡಲಿಗೆ ಇಳಿಯಬೇಕಾದ ತಿಂಗಳುಗಳಲ್ಲಿ ಆ ಮನೆಗಳ ಒಲೆ ಅವುಗಳನ್ನು ಬಿಟ್ಟುಬಿಡುತ್ತದೆ. ಉಡುಪಿಯ ಮಠಗಳಲ್ಲಿ ಚಾತುರ್ಮಾಸ್ಯದ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ದ್ವಿದಳ ಬಿಡುವುದನ್ನು ಬಲ್ಲ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. ವ್ರತದ ಉದ್ದೇಶ ಮೀನುಗಳ ರಕ್ಷಣೆಯೇ ಆಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ವರ್ಷವಿಡೀ ಎಲ್ಲವೂ ಸಿಗಬೇಕೆಂಬ ಹಠ ಆ ಮನಸ್ಸಿಗೆ ಇರಲಿಲ್ಲ.

ಹಾಗಾದರೆ ಚೆನ್ನೈಯ ಬಂಗಾಳಿ ರೆಸ್ಟೋರೆಂಟು ವರ್ಷವಿಡೀ ಶೊರ್ಶೆ ಇಲಿಶ್, ಎಂದರೆ ಸಾಸಿವೆ ಗೊಜ್ಜಿನ ಇಲಿಶ್, ಮಾರಿದರೆ ಏನಾಗುತ್ತದೆ? ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಾವಿರ ಮೈಲಿ ಬಂದ ಮೀನು, ಹಲವು ಸಲ ಅರ್ಧ ಕಿಲೋ ಕೂಡ ತೂಗದ ಎಳೆಯ ಮೀನು ತಟ್ಟೆಗೆ ಬರುತ್ತದೆ. ನಾನು ಹೋದ ದಿನ ಇಲಿಶ್ ಇರಲಿಲ್ಲ. ಬಾಗಿಲ ಬಳಿಯ ಹಲಗೆಯ ಮೇಲೆ ಇಲ್ಲವೆಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಅದರ ಬದಲು ಅದೇ ಸಾಸಿವೆ ಗೊಜ್ಜಿನಲ್ಲಿ ಕಾಸಿಮೇಡು ಬಂದರಿನ ಸ್ಥಳೀಯ ಮೀನನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿ ಕೊಟ್ಟರು. ಎಲೆ ಬಿಡಿಸಿದ ಕೂಡಲೇ ಹಸಿ ಸಾಸಿವೆಯ ಘಾಟು ಮೂಗಿಗೆ ಏರಿತು. ಅಂಚಿನಲ್ಲಿ ಎಣ್ಣೆ ಹಳದಿಯಾಗಿ ಬಿಟ್ಟುಕೊಂಡಿತ್ತು, ಮೇಲೊಂದು ಸೀಳಿದ ಹಸಿಮೆಣಸು. ಪಕ್ಕದ ಮೇಜಿನ ಬಂಗಾಳಿ ಹಿರಿಯರೊಬ್ಬರು ಮೊದಲು ಮುಖ ಸಣ್ಣದು ಮಾಡಿಕೊಂಡರು, ಆಮೇಲೆ ಎರಡನೆಯ ಸಲ ಅನ್ನ ಕೇಳಿದರು.

ಸ್ಥಳೀಯ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ತಮಿಳುನಾಡಿನ ಕಡಲಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಅದು ಜೂನ್, ಜುಲೈ ತಿಂಗಳುಗಳಲ್ಲಿ. ತಮಿಳುನಾಡಿನ ನಿಷೇಧದ ಆ ಎರಡು ತಿಂಗಳು ಕಾಸಿಮೇಡಿನಲ್ಲಿ ದೊಡ್ಡ ಮೀನು ವಿರಳ, ಬೆಲೆ ಏರುತ್ತದೆ. ಆಗ ರೋಹು, ಕಾಟ್ಲಾಗಳ ಕಡೆ ತಿರುಗಬೇಕು. ಗ್ರೀಮ್ಸ್ ರಸ್ತೆಯ ಮೆಸ್ಸುಗಳು ಹೇಗೂ ಬಡಿಸುವುದು ಈ ಸಿಹಿನೀರಿನ ಮೀನುಗಳನ್ನೇ. ಇವು ಬರುವುದು ಬಹುಪಾಲು ಆಂಧ್ರದ ಕೃಷ್ಣಾ ಮತ್ತು ಗೋದಾವರಿಯ ನಡುವಣ ಕೊಳಗಳಿಂದ. ಕೋಲ್ಕತ್ತದ ಪಕ್ಕದ ಹೌರಾ ಮಾರುಕಟ್ಟೆಗೂ ಆಂಧ್ರದ ಮೀನು ಲಾರಿಗಳಲ್ಲಿ ಹೋಗುತ್ತದೆ. ಎಂದರೆ ತನ್ನ ನಿತ್ಯದ ಮೀನಿಗೆ ಚೆನ್ನೈಯ ಬಂಗಾಳಿ ಕೋಲ್ಕತ್ತದ ಬಂಗಾಳಿಗಿಂತ ಹತ್ತಿರದಲ್ಲಿದ್ದಾನೆ! ದೂರವೊಂದನ್ನೇ ಅಳೆದರೆ ಸಂತೋಷಪಡಬಹುದು. ಆದರೆ ಅಲ್ಲಿರುವ ಕೊಲ್ಲೇರು ಸರೋವರ ಹಕ್ಕಿಗಳಿಗೆ ಹೆಸರಾದ ತೇವಭೂಮಿ; 2002ರಲ್ಲಿ ಮಹತ್ವದ ತೇವಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಸರೋವರವನ್ನೇ ಒತ್ತಿ ಬದು ಹಾಕಿ ಮೀನಿನ ಕೊಳಗಳನ್ನು ಮಾಡಿದ್ದರಿಂದ 2006ರಲ್ಲಿ ಸರಕಾರವೇ ಅವನ್ನು ಒಡೆಸಬೇಕಾಯಿತು. ಹೀಗಾಗಿ ‘ಆಂಧ್ರದ ರೋಹು’ ಎಂದಷ್ಟೇ ಹೇಳಿದರೆ ಸಾಲದು. ಸರೋವರದ ಒಳಗಿನ ಕೊಳವೋ ಹೊರಗಿನ ಹೊಲದ ಕೊಳವೋ ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಮೀನಿನ ವ್ಯಾಪಾರಿಯನ್ನು ಹುಡುಕಿಟ್ಟುಕೊಳ್ಳುವುದು, ನನ್ನ ಪ್ರಕಾರ, ಸೌರಫಲಕ ಹಾಕಿಸುವುದಕ್ಕಿಂತ ಕಷ್ಟದ ಕೆಲಸ.

ಇನ್ನು ಮೂರನೆಯ ವಿಷಯ, ನೀರು. ಇದನ್ನು ಚಿಕ್ಕದಾಗಿ ಹೇಳುತ್ತೇನೆ.

2019ರ ಬೇಸಿಗೆ ತಮಗೆಲ್ಲ ನೆನಪಿದೆ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬತ್ತಿ, ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಹೋಟೆಲುಗಳು ಊಟವನ್ನು ಮೊಟಕುಗೊಳಿಸಿದವು. ತಟ್ಟೆ ತೊಳೆಯುವ ನೀರಿನ ಬೆಲೆ ಆಗ ತಿಳಿಯಿತು. ಬಾಳೆಲೆ ಹಬ್ಬದ ಅಲಂಕಾರವಷ್ಟೇ ಅಲ್ಲ, ತೊಳೆಯಬೇಕಿಲ್ಲದ ತಟ್ಟೆ ಎಂಬುದೂ ತಿಳಿಯಿತು. ಅದೇ ವರ್ಷದ ಜನವರಿ 1ರಿಂದ ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ 14 ಬಗೆಯ ಪ್ಲಾಸ್ಟಿಕ್ ವಸ್ತುಗಳ ನಿಷೇಧ ಜಾರಿಗೆ ಬಂದಿತ್ತು. ನಾನು ಹೇಳುತ್ತಿರುವ ರೆಸ್ಟೋರೆಂಟಿನಲ್ಲಿ ಉಂಡ ಎಲೆಗಳೂ ತರಕಾರಿಯ ಅಳಿದುಳಿದ ಚೂರುಗಳೂ ಹಿಂದಿನ ಅಂಗಳದಲ್ಲಿ ಗೊಬ್ಬರವಾಗುತ್ತವೆ. ಇಲ್ಲದಿದ್ದರೆ ಅವು ಹೋಗಿ ಸೇರುತ್ತಿದ್ದುದು ಪೆರುಂಗುಡಿಯ ಕಸದ ರಾಶಿಯಂಥ ಕಡೆಗೆ. ಅದು ಎದ್ದದ್ದು ಪಳ್ಳಿಕರಣೈ ಜೌಗಿನ ಎದೆಯ ಮೇಲೆ.

ಇಲ್ಲಿ ಕೋಲ್ಕತ್ತವನ್ನು ನೆನೆಯಬೇಕು. ಆ ಊರಿನ ಪೂರ್ವಕ್ಕೆ ಸುಮಾರು 12,500 ಹೆಕ್ಟೇರು ತೇವಭೂಮಿ ಇದೆ. ಊರಿನ ಕೊಳಚೆ ನೀರು ಕಾಲುವೆಗಳಲ್ಲಿ ಹರಿದು ಅಲ್ಲಿಯ ಆಳವಿಲ್ಲದ ಕೊಳಗಳಿಗೆ ಸೇರುತ್ತದೆ. ಬಿಸಿಲು ಮತ್ತು ಪಾಚಿ ಸೇರಿ ನೀರನ್ನು ತಿಳಿಯಾಗಿಸುತ್ತವೆ, ಆ ಪಾಚಿಯನ್ನು ತಿಂದು ಮೀನು ಬೆಳೆಯುತ್ತದೆ, ಹರಿದುಹೋಗುವ ನೀರಿನಲ್ಲಿ ಭತ್ತವೂ ತರಕಾರಿಯೂ ಬೆಳೆಯುತ್ತವೆ. ಈ ವಿದ್ಯೆಯನ್ನು ಕಟ್ಟಿದವರು ಅಲ್ಲಿಯ ಬೆಸ್ತರು ಮತ್ತು ರೈತರು. ಊರಿನ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಹುಡುಕುತ್ತ 1980ರ ದಶಕದಲ್ಲಿ ಅಲ್ಲಿಗೆ ನಡೆದುಹೋದ ಸರಕಾರಿ ಎಂಜಿನಿಯರ್ ಧ್ರುಬಜ್ಯೋತಿ ಘೋಷ್ ಇದನ್ನು ಲೋಕಕ್ಕೆ ತಿಳಿಸಿ, 2018ರಲ್ಲಿ ತೀರಿಕೊಳ್ಳುವವರೆಗೂ ಅದರ ಉಳಿವಿಗೆ ಹೋರಾಡಿದರು. ಆ ತೇವಭೂಮಿ 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ಪಳ್ಳಿಕರಣೈ 2022ರಲ್ಲಿ ಸೇರಿತು. ಒಂದು ಊರು ತನ್ನ ಜೌಗಿನಿಂದ ಊಟ ಪಡೆಯಿತು, ಇನ್ನೊಂದು ತನ್ನ ಜೌಗಿನ ಮೇಲೆ ಕಸ ಸುರಿಯಿತು. ಮದರಾಸಿನಲ್ಲಿ ಬದುಕು ಕಟ್ಟಿಕೊಂಡ ನನಗೆ ಇದನ್ನು ಹೇಳಲು ಸಂಕಟವಾಗುತ್ತದೆ.

ಮುಗಿಸುವ ಮೊದಲು ಅಡುಗೆಮನೆಯಲ್ಲಿ ದುಡಿಯುವವರ ಬಗ್ಗೆ ಮಾತನಾಡಬೇಕು. ಚೆನ್ನೈಯ ಹೋಟೆಲುಗಳ ಅಡುಗೆಮನೆಗಳಲ್ಲಿ, ಉಡುಪಿ ಹೆಸರಿನ ಹೋಟೆಲುಗಳಲ್ಲೂ ಸೇರಿ, ಇಂದು ಬಂಗಾಳ, ಒಡಿಶಾ, ಅಸ್ಸಾಮಿನ ಹುಡುಗರು ಬಹಳ ಮಂದಿ ಇದ್ದಾರೆ. ನೂರು ವರ್ಷದ ಹಿಂದೆ ದಕ್ಷಿಣ ಕನ್ನಡದ ಹುಡುಗರು ಹೀಗೆಯೇ ಬಂದು, ರುಬ್ಬುವ ಕಲ್ಲಿನ ಮುಂದೆ ಕೂತು, ಅಂಗಡಿಯ ಜಗುಲಿಯಲ್ಲಿ ಮಲಗಿ, ಈ ಊರಿಗೆ ಇಡ್ಲಿ ದೋಸೆ ಉಣಿಸಿದರು. ಬಾಳೆಮೂತಿ ಬಿಡಿಸುವ, ಸಿಪ್ಪೆ ಹೆಚ್ಚುವ, ಮೀನಿನ ತಲೆ ಸೀಳುವ ಕೈಗಳಿಗೆ ಸರಿಯಾದ ಸಂಬಳ, ವಾರದ ರಜೆ, ಗಾಳಿಯಾಡುವ ಕೋಣೆ ಇಲ್ಲದಿದ್ದರೆ ಅಂಥ ಕಡೆ ಸುಸ್ಥಿರತೆಯ ಮಾತನ್ನು ನಾನು ಒಪ್ಪಲಾರೆ. ಏನನ್ನೂ ಬಿಸಾಡದ ಅಡುಗೆಗೆ ಬೇಕಾಗುವುದು ಹೆಚ್ಚು ದುಡಿಮೆ. ಆ ದುಡಿಮೆಯ ಬೆಲೆಯನ್ನು ಬಿಲ್ಲಿನಲ್ಲಿ ನಾವು ಕೊಡಬೇಕು.

ಆದ್ದರಿಂದ ಇಂಥ ರೆಸ್ಟೋರೆಂಟಿಗೆ ಹೋದಾಗ ಮೀನು ಎಲ್ಲಿಯದೆಂದು ಕೇಳಿದ ಹಾಗೆಯೇ, ಕೆಲಸದವರ ಊಟ ಎಷ್ಟು ಹೊತ್ತಿಗೆ, ಏನು ಊಟ ಎಂದೂ ಕೇಳಿ. ನಾನು ಕೇಳಿದೆ. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಅದೇ ಬೇಳೆ, ಅದೇ ದಿಂಡಿನ ಪಲ್ಯ, ಜೊತೆಗೆ ಮೀನಿನ ತಲೆ ಹಾಕಿದ ಬಸಳೆ ಎಂದು ಮುರ್ಷಿದಾಬಾದ್ ಕಡೆಯ ಅಡುಗೆಯವರೊಬ್ಬರು ಹೇಳಿದರು. ಆ ಬಸಳೆಯನ್ನು ಗಿರಾಕಿಗಳಿಗೆ ಏಕೆ ಬಡಿಸುವುದಿಲ್ಲ ಎಂದೆ. ಎರಡೇ ತಲೆ ಬರುತ್ತವೆ ಸಾರ್, ನಾವು ಏಳು ಜನ ಇದ್ದೇವೆ ಎಂದರು.